ಪದ ಪರಿಚಯ: ಬೀಟಾ ಬ್ರೌಸರ್

ವೆಬ್‌ಸೈಟ್ ತೆರೆದು ನೋಡಲು ಬಳಸುವ ಬ್ರೌಸರ್‌ನ ಮುಂದಿನ ಆವೃತ್ತಿ ಎಲ್ಲರ ಕೈಗೆ ಹೋಗುವ ಮೊದಲು, ಇಷ್ಟ ಇದ್ದವರು ಬಳಸಿ ನೋಡಲಿ ಅಂತ ಹೊರಗೆ ಬಿಡುವ ಪ್ರತಿಗೆ ಬೀಟಾ ಎನ್ನುತ್ತಾರೆ. ಹೊಸ ಸೌಲಭ್ಯಗಳು ಹೆಚ್ಚುಕಡಿಮೆ ಎಲ್ಲವೂ ಸೇರಿರುತ್ತವೆ, ದೋಷಗಳು ಮಾತ್ರ ಪೂರ್ತಿ ಹೋಗಿರುವುದಿಲ್ಲ. ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ಡೌನ್‌ಲೋಡ್ ಮಾಡಿಕೊಂಡರೆ ಆಯಿತು. ಇಷ್ಟು ಸುಲಭವಾಗಿ ಸಿಗುವುದರಿಂದಲೇ ನಮ್ಮ ಕಲಬುರಗಿ ಹುಡುಗರು "ಹೊಸಾದು ಬಂದದ, ಹಾಕ್ಕೋರಿ" ಅಂತ ಒಬ್ಬರಿಗೊಬ್ಬರು ಹೇಳಿ ಹಾಕಿಸಿಬಿಡುತ್ತಾರೆ. ಹೊಸದು ಅನ್ನುವುದು ನಿಜ. ಆದರೆ ಅದಿನ್ನೂ ಪರೀಕ್ಷೆಯಲ್ಲಿದೆ, ಪರೀಕ್ಷೆ ಮಾಡುತ್ತಿರುವವರು ನೀವೇ ಅನ್ನುವ ಮಾತು ಬಿಟ್ಟುಹೋಗಿರುತ್ತದೆ.

ತೊಗರಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ತಳಿ ನೇರವಾಗಿ ಬೀಜದ ಅಂಗಡಿಗೆ ಬರುವುದಿಲ್ಲ. ಮೊದಲು ಸಂಶೋಧನಾ ಕೇಂದ್ರದ ತಾಕು, ಆಮೇಲೆ ಕೆಲವು ರೈತರ ಹೊಲ, ಕೊನೆಗೆ ಎಲ್ಲರಿಗೂ. ಬೀಟಾ ಅಂದರೆ ಆ ನಡುವಿನ ಹಂತ. ಅಲ್ಲಿ ಯಾವ ರೈತನೂ ಇಡೀ ಹೊಲಕ್ಕೆ ಹೊಸ ಬೀಜವನ್ನೇ ಬಿತ್ತುವುದಿಲ್ಲ, ಒಂದು ಮೂಲೆ ಬಿಟ್ಟುಕೊಡುತ್ತಾನೆ, ಅಲ್ವಾ?

ಗ್ರೀಕ್ ಅಕ್ಷರಮಾಲೆಯ ಎರಡನೇ ಅಕ್ಷರ ಬೀಟಾ. ಮೊದಲನೆಯದಾದ ಆಲ್ಫಾ, ತಯಾರಕರು ತಮ್ಮೊಳಗೇ ನೋಡಿಕೊಳ್ಳುವ ಹಂತದ ಹೆಸರು. ಬ್ರೌಸರ್‌ಗಳಲ್ಲಿ ಈಗ ಬೀಟಾಕ್ಕಿಂತ ಹಸಿಯಾದದ್ದೂ ಎಲ್ಲರಿಗೂ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ನೈಟ್ಲಿ, ಬೀಟಾ, ಆಮೇಲೆ ಸಾಮಾನ್ಯ ಆವೃತ್ತಿ. ಕ್ರೋಮ್‌ನಲ್ಲಿ ಕ್ಯಾನರಿ, ಡೆವ್, ಬೀಟಾ, ಕೊನೆಗೆ ಸ್ಟೇಬಲ್ ಎಂಬ ಸಾಮಾನ್ಯ ಆವೃತ್ತಿ. ನೈಟ್ಲಿ ಮತ್ತು ಕ್ಯಾನರಿ ಹೆಚ್ಚುಕಡಿಮೆ ದಿನಾ ಬದಲಾಗುತ್ತವೆ. ಬೆಳಿಗ್ಗೆ ಸರಿ ಇದ್ದದ್ದು ಸಂಜೆ ತೆರೆಯದೇ ಇರಬಹುದು. ಕಲ್ಲಿದ್ದಲು ಗಣಿಯಲ್ಲಿ ವಿಷಗಾಳಿ ಇದೆಯೇ ಎಂದು ತಿಳಿಯಲು ಒಯ್ಯುತ್ತಿದ್ದ ಹಕ್ಕಿಯ ಹೆಸರು ಕ್ಯಾನರಿಗೆ ಸುಮ್ನೆ ಬಂದಿಲ್ಲ! ಬೀಟಾ ಇವಕ್ಕಿಂತ ಎಷ್ಟೋ ಗಟ್ಟಿ.

ಒಂದು ಕಾಲಕ್ಕೆ ಬೀಟಾ ಎಂಬ ಹಣೆಪಟ್ಟಿಗೆ ಅಷ್ಟೇನೂ ಬೆಲೆ ಇರಲಿಲ್ಲ. ಜಿಮೇಲ್ 2004ರಿಂದ 2009ರವರೆಗೆ ಬೀಟಾ ಎಂದೇ ಬರೆದುಕೊಂಡಿತ್ತು. ಕ್ರೋಮ್ 2008ರ ಸೆಪ್ಟೆಂಬರ್‌ನಲ್ಲಿ ಹೊರಬಂದದ್ದೂ ಬೀಟಾ ಆಗಿಯೇ, ಡಿಸೆಂಬರ್‌ನಲ್ಲಿ ಆ ಹಣೆಪಟ್ಟಿ ತೆಗೆದರು. ಈಗ ಹಾಗಿಲ್ಲ, ಬೀಟಾ ಅಂದರೆ ದಿನ ಗೊತ್ತುಮಾಡಿದ ಒಂದು ನಿಲ್ದಾಣ. ಫೈರ್‌ಫಾಕ್ಸ್ 2020ರಲ್ಲಿ, ಕ್ರೋಮ್ 2021ರಲ್ಲಿ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಕೊಡಲು ಶುರು ಮಾಡಿದವು. ಓಟ ಜೋರಾದಷ್ಟೂ ತಪ್ಪು ಹಿಡಿಯಲು ಸಿಗುವ ಸಮಯ ಕಡಿಮೆ.

ಈ ಮುಂಚಿನ ಪರೀಕ್ಷೆ ಯಾಕೆ ಬೇಕು ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ 100ರ ಸಂಗತಿ. ಪ್ರತಿ ಬ್ರೌಸರ್ ತನ್ನ ಹೆಸರು, ಆವೃತ್ತಿಯ ಸಂಖ್ಯೆಯನ್ನು ವೆಬ್‌ಸೈಟ್‌ಗೆ ಹೇಳುತ್ತದೆ. ಕೆಲವು ವೆಬ್‌ಸೈಟ್‌ಗಳು ಮೊದಲ ಎರಡು ಅಂಕಿ ಮಾತ್ರ ಓದುತ್ತಿದ್ದವು. ಅವಕ್ಕೆ 100 ಬಂದರೆ 10 ಅಂತ ಕಂಡು, "ನಿಮ್ಮ ಬ್ರೌಸರ್ ತೀರಾ ಹಳೆಯದು" ಎಂದು ಬಾಗಿಲು ಹಾಕಿಬಿಡುವ ಭಯ. ಹಿಂದೆ ಒಪೆರಾ ಎಂಬ ಬ್ರೌಸರ್ 9 ದಾಟಿ 10ಕ್ಕೆ ಬಂದಾಗಲೂ ಇದೇ ಗೋಳಾಗಿ, ಅದು ತನ್ನನ್ನು 9.80 ಎಂದೇ ಹೇಳಿಕೊಳ್ಳಬೇಕಾಯಿತು. ಅದಕ್ಕೇ ಈ ಸಲ ಕ್ರೋಮ್, ಫೈರ್‌ಫಾಕ್ಸ್ ಎರಡೂ ತಮ್ಮ ಪರೀಕ್ಷಾ ಆವೃತ್ತಿಗಳಲ್ಲಿ ತಿಂಗಳುಗಟ್ಟಲೆ ಮೊದಲೇ 100 ಎಂದು ಹೇಳಿಸಿ, ಎಲ್ಲೆಲ್ಲಿ ಮುರಿಯುತ್ತದೆ ಎಂದು ನೋಡಿದವು. 2022ರ ಮಾರ್ಚ್‌ನಲ್ಲಿ ಕ್ರೋಮ್ 100, ಮೇನಲ್ಲಿ ಫೈರ್‌ಫಾಕ್ಸ್ 100 ಬಂದಾಗ ದೊಡ್ಡ ರಾದ್ಧಾಂತ ಆಗಲಿಲ್ಲ.

ನಮಗೆ ಬೀಟಾ ಬೇಕಾಗಿರುವುದು ಮುಖ್ಯವಾಗಿ ಕನ್ನಡಕ್ಕೆ. ಅಕ್ಷರ ಜೋಡಿಸುವ ಭಾಗದಲ್ಲಿ ಒಂದು ಸಣ್ಣ ಬದಲಾವಣೆ ಆದರೂ ಇಂಗ್ಲಿಷ್ ಓದುವವರಿಗೆ ಏನೂ ಕಾಣದು, ನಮ್ಮ ಒತ್ತಕ್ಷರ ಮಾತ್ರ ಚೆಲ್ಲಾಪಿಲ್ಲಿ. ಸೂರ್ಯ ಮತ್ತು ರ‍್ಯಾಂಕ್ ಎರಡನ್ನೂ ನೋಡಿ. ಎರಡರಲ್ಲೂ ರ, ಯ ಕೂಡಿವೆ. ಒಂದರಲ್ಲಿ ಅರ್ಕಾವತ್ತು ಬರಬೇಕು, ಇನ್ನೊಂದರಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕು. ಈ ವ್ಯತ್ಯಾಸ ಇರುವುದು ನಡುವೆ ಅಡಗಿರುವ, ಕಣ್ಣಿಗೆ ಕಾಣದ ಒಂದು ಸಂಕೇತದಲ್ಲಿ. ಬ್ರೌಸರ್ ಅದನ್ನು ನುಂಗಿದರೆ ರ‍್ಯಾಂಕ್ ಎಂಬುದು ಓದಲು ಬಾರದ ಹಾಗೆ ಆಗುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದಾಗ ಒತ್ತು ಮಾತ್ರ ಹೋಗುತ್ತದೋ ಇಡೀ ಅಕ್ಷರವೋ, ಸಾಲಿನ ಕೊನೆಗೆ ಅಕ್ಷರ ಒಡೆಯುತ್ತದೋ, ಪುಟದಲ್ಲಿ ಪದ ಹುಡುಕಿದರೆ ಸಿಗುತ್ತದೋ, ಫ಼ ಜ಼ಗಳ ಕೆಳಗಿನ ಚುಕ್ಕಿಗಳು ಜಾಗದಲ್ಲೇ ಕೂತಿವೆಯೋ, ಇವೆಲ್ಲ ಕನ್ನಡ ದಿನಾ ಟೈಪ್ ಮಾಡುವವರ ಕಣ್ಣಿಗೇ ಬೀಳಬೇಕು. ಬೀಟಾದಲ್ಲಿ ಸಿಕ್ಕ ತಪ್ಪು ಅಲ್ಲೇ ಸರಿಹೋಗುವ ಅವಕಾಶ ಇದೆ. ಆಮೇಲೆ ಸಿಕ್ಕರೆ ಅದು ಆಗಲೇ ಎಲ್ಲರ ಕಂಪ್ಯೂಟರಿಗೂ ಹೋಗಿರುತ್ತದೆ.

ಎಲ್ಲಿ ಬೇಡ ಅಂದರೆ ಕೆಲಸದ ಜಾಗದಲ್ಲಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಆನ್‌ಲೈನ್ ಸೆಂಟರ್‌ಗಳಲ್ಲಿ ಸ್ಕಾಲರ್‌ಶಿಪ್, ಸಿಇಟಿ, 371(ಜೆ) ಪ್ರಮಾಣಪತ್ರ ಅಂತ ಸಾಲು ನಿಂತಿರುತ್ತದೆ. ಕೊನೇ ದಿನ ಅರ್ಜಿ ಸಲ್ಲಿಕೆಯ ಬಟನ್ ಕೆಲಸ ಮಾಡದಿದ್ದರೆ, ತಪ್ಪು ವೆಬ್‌ಸೈಟ್‌ನದೋ ಬ್ರೌಸರ್‌ನದೋ ಎಂದು ಹುಡುಕುತ್ತ ಕೂರಲು ಯಾರಿಗೆ ಪುರಸೊತ್ತು? ಬ್ಯಾಂಕ್ ಕೆಲಸಕ್ಕೂ ಇದೇ ಮಾತು.

ಮನೆಯಲ್ಲಿ ಹಾಕಿಕೊಳ್ಳುವುದಾದರೆ ಹಳೆಯದನ್ನು ತೆಗೆಯಬೇಡಿ, ಎರಡೂ ಇರಲಿ. ಆಂಡ್ರಾಯ್ಡ್ ಫೋನಿನಲ್ಲಿ ಬೀಟಾ ಬೇರೆಯೇ ಆ್ಯಪ್ ಆಗಿ ಕೂರುತ್ತದೆ, ತಲೆನೋವಿಲ್ಲ. ಕಂಪ್ಯೂಟರಿನಲ್ಲಿ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಸೇರಿದ ಪ್ರೊಫೈಲ್ ಬೇರೆ ಇದೆಯೇ ನೋಡಿಕೊಳ್ಳಿ. ಹೊಸ ಆವೃತ್ತಿ ಒಮ್ಮೆ ಮುಟ್ಟಿದ ಪ್ರೊಫೈಲನ್ನು ಹಳೆಯದು ತೆರೆಯದೇ ಹೋಗಬಹುದು. ಫೈರ್‌ಫಾಕ್ಸ್ ಅಂತೂ 2019ರಿಂದ ಹಾಗೆ ತೆರೆಯಲು ಹೋದರೆ ತಡೆದು ಎಚ್ಚರಿಸುತ್ತದೆ. ಇವನ್ನೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾನೇ ಹೊಂದಿಸುವ ಸಿಂಕ್ ಕೂಡ ಆಫ್ ಇರಲಿ. ಪರೀಕ್ಷಾ ಆವೃತ್ತಿಗಳು ಬಳಕೆಯ ಮಾಹಿತಿಯನ್ನು ತಯಾರಕರಿಗೆ ಜಾಸ್ತಿ ಕಳಿಸಬಹುದು, ಬೇಡ ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ.

ತಪ್ಪು ಕಂಡರೆ ದೂರು ಕೊಡುವುದೂ ಬೀಟಾ ಬಳಕೆಯ ಭಾಗವೇ. "ಕನ್ನಡ ಸರಿ ಬರ್ತಿಲ್ಲ" ಎಂದರೆ ಕನ್ನಡ ಬಾರದ ಎಂಜಿನಿಯರ್‌ಗೆ ಏನೂ ತಿಳಿಯದು. ಬ್ರೌಸರ್‌ನ ಪೂರ್ತಿ ಆವೃತ್ತಿ ಸಂಖ್ಯೆ, ವಿಂಡೋಸೋ ಆಂಡ್ರಾಯ್ಡೋ, ಫಾಂಟ್ ಯಾವುದು ಎಂದು ಬರೆಯಿರಿ. ಕೆಟ್ಟ ಪದವನ್ನು ಟೈಪ್ ಮಾಡಿದ ರೂಪದಲ್ಲೇ ಅಂಟಿಸಿ. ಸಾಮಾನ್ಯ ಆವೃತ್ತಿಯಲ್ಲಿ ಅದೇ ಪದ ಹೇಗೆ ಕಾಣುತ್ತದೆ, ಬೀಟಾದಲ್ಲಿ ಹೇಗೆ ಕಾಣುತ್ತದೆ, ಎರಡರ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ಕಳಿಸಿ.