ದಿವಾಳಿಯಾದ ವಿಮಾನ ಕಂಪನಿಯಲ್ಲಿ ಪೈಲಟ್‌ನ ಮಾತಿಗೆ ಎಷ್ಟು ಬೆಲೆ?

ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯವರು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅವರ ಮಗ ಪೈಲಟ್. ಮಗ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಆಗಿದ್ದ ವಿಮಾನ ಕಂಪನಿ ಹಾರಾಟ ನಿಲ್ಲಿಸಿ ದಿವಾಳಿ ಪ್ರಕ್ರಿಯೆಗೆ ಹೋದ ಕೆಲವು ವಾರಗಳ ನಂತರ ನಾನು ಅಲ್ಲಿಗೆ ಹೋದಾಗ ಊಟದ ಮೇಜಿನ ಮೇಲೆ ಎರಡು ದಾಖಲೆಗಳು ಅಕ್ಕಪಕ್ಕದಲ್ಲಿ ತೆರೆದಿದ್ದವು. ಒಂದು ಅವನ ಲಾಗ್‌ಬುಕ್. ದಿನಾಂಕ, ವಿಮಾನದ ನೋಂದಣಿ ಸಂಖ್ಯೆ, ಹೊರಟ ಊರು, ಇಳಿದ ಊರು, ಹಾರಿದ ಗಂಟೆ ಎಲ್ಲವೂ ಕಪ್ಪು ಶಾಯಿಯಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ. ಕೊನೆಯ ಪುಟದಲ್ಲಿ ನಾಲ್ಕು ಸಾಲು ತುಂಬಿ, ಕೆಳಗೆಲ್ಲ ಖಾಲಿ. ಇನ್ನೊಂದು ಪೈಲಟ್ ತರಬೇತಿಗಾಗಿ ಮನೆ ಅಡವಿಟ್ಟು ತೆಗೆದ ಸಾಲದ ಲೆಕ್ಕಪತ್ರ. ಅದರಲ್ಲಿ ತಿಂಗಳ ಕಂತು ಎಂದಿನಂತೆ ಮುಂದುವರಿದಿತ್ತು.

"ಸಾಲ ಕೊಟ್ಟ ಬ್ಯಾಂಕಿಗೂ ಒಂದು ನ್ಯಾಯ ಉಂಟಲ್ಲ" ಎಂದರು ತಂದೆ. "ಉಂಟು ಅಪ್ಪ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕೆಲಸದ ಕರಾರು ಏನಾಗಬೇಕು ಅಂತ ನಮ್ಮನ್ನೂ ಒಂದು ಮಾತು ಕೇಳಬೇಕಿತ್ತಲ್ಲ? ಅಮೆರಿಕದಲ್ಲಿ ಕೇಳಿದ್ದಾರೆ" ಎಂದ ಮಗ.

ಅಮೆರಿಕದಲ್ಲಿ ಕೇಳಿದ್ದು ನಿಜ. ಹಾಗೆ ಕೇಳಲೇಬೇಕೆಂಬ ನಿಯಮ ಅಲ್ಲಿ ಹೇಗೆ ಬಂತು, ಕೇಳಿದ್ದರಿಂದ ಪೈಲಟ್‌ಗಳಿಗೆ ಸಿಕ್ಕಿದ್ದೆಷ್ಟು, ನಮ್ಮಲ್ಲಿ ಆ ಪ್ರಶ್ನೆಗೆ ಕಾನೂನಿನಲ್ಲಿ ಜಾಗವೇ ಇಲ್ಲದಿರುವುದು ಏಕೆ ಎಂಬುದನ್ನು ತಿಳಿಯಲು ನಾಲ್ಕು ದಶಕ ಹಿಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು ಸೀನಿಯಾರಿಟಿಯ ಮಾತು. ಬ್ಯಾಂಕುಗಳ ತವರಾದ ಉಡುಪಿ, ಮಂಗಳೂರಿನ ನೌಕರರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು ವಿಲೀನವಾದಾಗ ಇಲ್ಲಿನ ಮನೆಮನೆಯಲ್ಲಿ ಚರ್ಚೆಯಾದ ವಿಷಯವದು. ಆದರೆ ವಿಲೀನವಾದ ಬ್ಯಾಂಕಿನ ನೌಕರನ ಸೇವೆ ಮುಂದುವರಿಯಿತು. ಅಮೆರಿಕದ ಪೈಲಟ್‌ಗೆ ಕಂಪನಿ ಮುಳುಗಿದರೆ ಹಾಗಲ್ಲ. ಯಾವ ವಿಮಾನ, ಯಾವ ಮಾರ್ಗ, ಯಾವಾಗ ರಜೆ, ಎಂದು ಕ್ಯಾಪ್ಟನ್ ಎಂಬುದನ್ನೆಲ್ಲ ಅಲ್ಲಿ ತೀರ್ಮಾನಿಸುವುದು ಆ ಕಂಪನಿಯ ಜ್ಯೇಷ್ಠತಾ ಪಟ್ಟಿ. ಇಪ್ಪತ್ತು ವರ್ಷ ಹಾರಿಸಿದವನೂ ಬೇರೆ ಕಂಪನಿಗೆ ಹೋದರೆ ಪಟ್ಟಿಯ ತಳದಿಂದಲೇ ಆರಂಭಿಸಬೇಕು. ಆದ್ದರಿಂದ ಸಂಘ ಮತ್ತು ಕಂಪನಿಯ ನಡುವಿನ ಒಪ್ಪಂದವೆಂದರೆ ಅವನಿಗೆ ಸಂಬಳದ ಕಾಗದವಷ್ಟೇ ಅಲ್ಲ, ಇಡೀ ವೃತ್ತಿಜೀವನದ ಉಳಿತಾಯ.

ಆ ಉಳಿತಾಯ ದೊಡ್ಡ ಪ್ರಮಾಣದಲ್ಲಿ ಕರಗಿದ್ದು 1983ರಲ್ಲಿ. 1978ರ ಕಾಯ್ದೆಯೊಂದು ಅಮೆರಿಕದಲ್ಲಿ ವಿಮಾನ ದರ ಮತ್ತು ಮಾರ್ಗಗಳ ಮೇಲಿನ ಸರ್ಕಾರಿ ನಿಯಂತ್ರಣವನ್ನು ತೆಗೆದುಹಾಕಿದ ಮೇಲೆ ಕಡಿಮೆ ಸಂಬಳ ಕೊಡುವ ಹೊಸ ಕಂಪನಿಗಳು ಹುಟ್ಟಿಕೊಂಡವು. ಹಳೆಯ ಕಂಪನಿಗಳು ತಮ್ಮ ಸಂಬಳದ ವೆಚ್ಚವನ್ನು ಇಳಿಸಲು ದಾರಿ ಹುಡುಕತೊಡಗಿದವು. ಫ್ರಾಂಕ್ ಲೊರೆಂಜೊ ನೇತೃತ್ವದ ಕಾಂಟಿನೆಂಟಲ್ ಏರ್‌ಲೈನ್ಸ್ ಕಂಡುಕೊಂಡ ದಾರಿ ದಿವಾಳಿ ನ್ಯಾಯಾಲಯದ್ದು. 1983ರ ಸೆಪ್ಟೆಂಬರ್ 24ರಂದು ಅರ್ಜಿ ಹಾಕಿದ ಕಂಪನಿ, ಕಾರ್ಮಿಕ ಒಪ್ಪಂದಗಳೆಲ್ಲ ಇನ್ನು ಅನ್ವಯವಾಗುವುದಿಲ್ಲವೆಂದು ತಾನೇ ಘೋಷಿಸಿ, ಸುಮಾರು 12,000 ನೌಕರರನ್ನು ಮನೆಗೆ ಕಳಿಸಿ, ಮೂರು ದಿನಗಳೊಳಗೆ ಸುಮಾರು 4,000 ಮಂದಿಯೊಡನೆ, ಹೆಚ್ಚುಕಡಿಮೆ ಅರ್ಧ ಸಂಬಳಕ್ಕೆ, ಮತ್ತೆ ಹಾರತೊಡಗಿತು. ಪೈಲಟ್‌ಗಳು ಅಕ್ಟೋಬರ್‌ನಲ್ಲಿ ಹೂಡಿದ ಮುಷ್ಕರ 1985ರವರೆಗೆ ಎಳೆಯಿತು. ಕಂಪನಿ ನಿಲ್ಲಲಿಲ್ಲ, ಸೋತವರು ಮುಷ್ಕರದಲ್ಲಿದ್ದವರು.

ಇದರ ಬೆನ್ನಿಗೇ, 1984ರ ಫೆಬ್ರವರಿಯಲ್ಲಿ, ಕಟ್ಟಡ ಸಾಮಗ್ರಿ ಮಾರುತ್ತಿದ್ದ ಬಿಲ್ಡಿಸ್ಕೊ ಎಂಬ ಚಿಕ್ಕ ಸಂಸ್ಥೆಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ದಿವಾಳಿ ಅರ್ಜಿ ಹಾಕಿದ ಮಾಲೀಕ ನ್ಯಾಯಾಲಯದ ಅನುಮತಿಗೆ ಕಾಯದೆ ಕಾರ್ಮಿಕ ಒಪ್ಪಂದವನ್ನು ಬದಿಗಿಟ್ಟರೆ ಅದು ಕಾನೂನುಬಾಹಿರವಲ್ಲ ಎಂದಿತು. ಕಾರ್ಮಿಕ ಸಂಘಟನೆಗಳು ತಿರುಗಿ ನಿಂತವು. ಕೆಲವೇ ತಿಂಗಳಲ್ಲಿ ಅಮೆರಿಕದ ಸಂಸತ್ತು ದಿವಾಳಿ ಸಂಹಿತೆಗೆ ಕಲಂ 1113ನ್ನು ಸೇರಿಸಿತು. ಅದರ ಪ್ರಕಾರ ಕಂಪನಿ ಮೊದಲು ಸಂಘದ ಮುಂದೆ ತನ್ನ ಪ್ರಸ್ತಾವ ಇಡಬೇಕು. ಕೇಳುವ ಕಡಿತ ಕಂಪನಿ ಬದುಕಲು ಅಗತ್ಯವಿರುವಷ್ಟೇ ಆಗಿರಬೇಕು. ಲೆಕ್ಕಪತ್ರಗಳನ್ನು ತೆರೆದು ತೋರಿಸಬೇಕು. ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು. ಇಷ್ಟಾದ ಮೇಲೂ ಸಂಘ ಸಕಾರಣವಿಲ್ಲದೆ ನಿರಾಕರಿಸಿದರೆ ಮಾತ್ರ ನ್ಯಾಯಾಧೀಶರು ಒಪ್ಪಂದವನ್ನು ರದ್ದುಗೊಳಿಸಬಹುದು. ನಮ್ಮ ಪಕ್ಕದ ಮನೆಯ ಹುಡುಗ ಹೇಳಿದ "ಒಂದು ಮಾತು ಕೇಳಬೇಕಿತ್ತಲ್ಲ" ಎಂಬುದು ಅಮೆರಿಕದಲ್ಲಿ ಕಾನೂನಾದದ್ದು ಹೀಗೆ.

ಕಾನೂನಾಯಿತೆಂದರೆ ರಕ್ಷಣೆಯಾಯಿತು ಎಂದಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಯುಎಸ್ ಏರ್‌ವೇಸ್, ಯುನೈಟೆಡ್, ಡೆಲ್ಟಾ, ನಾರ್ತ್‌ವೆಸ್ಟ್ ಒಂದರ ಹಿಂದೊಂದು ದಿವಾಳಿ ನ್ಯಾಯಾಲಯಕ್ಕೆ ಹೋದವು; ಕಲಂ 1113ನ್ನು ತೋರಿಸಿಯೇ ಸಂಘಗಳಿಂದ ಕಡಿತಗಳನ್ನು ಪಡೆದವು. 2005ರಲ್ಲಿ ಯುನೈಟೆಡ್ ತನ್ನ ಪಿಂಚಣಿ ಯೋಜನೆಗಳ ಹೊಣೆಯನ್ನು ಸರ್ಕಾರಿ ಪಿಂಚಣಿ ವಿಮಾ ನಿಗಮಕ್ಕೆ ದಾಟಿಸಿತು. ಆ ನಿಗಮ ಕೊಡುವ ಪಿಂಚಣಿಗೆ ಮಿತಿಯುಂಟು. 65 ತುಂಬುವ ಮೊದಲು ನಿವೃತ್ತರಾದವರಿಗೆ ಆ ಮಿತಿ ಇನ್ನೂ ಕಡಿಮೆ. ಪೈಲಟ್‌ಗಳಾದರೋ ಆಗಿನ ನಿಯಮದಂತೆ 60ಕ್ಕೇ ಕಾಕ್‌ಪಿಟ್ ಬಿಡಬೇಕಿತ್ತು. ಒಂದು ಸರ್ಕಾರಿ ನಿಯಮ ಬೇಗ ಮನೆಗೆ ಕಳಿಸಿತು, ಇನ್ನೊಂದು ಸರ್ಕಾರಿ ನಿಯಮ ಬೇಗ ಬಂದದ್ದಕ್ಕೆ ಪಿಂಚಣಿ ಕಡಿಮೆ ಮಾಡಿತು. ಇದನ್ನು ಕೇಳಿದಾಗ ನಮ್ಮ ನಿವೃತ್ತ ಬ್ಯಾಂಕ್ ಅಧಿಕಾರಿ ಬಹಳ ಹೊತ್ತು ಮಾತಾಡಲಿಲ್ಲ.

ಈ ಸಾಲಿನಲ್ಲಿ ಕೊನೆಗೆ ಬಂದದ್ದು ಅಮೆರಿಕನ್ ಏರ್‌ಲೈನ್ಸ್. ಅದರ ಪೈಲಟ್‌ಗಳ ಸಂಘವಾದ ಅಲೈಡ್ ಪೈಲಟ್ಸ್ ಅಸೋಸಿಯೇಷನ್‌ನಲ್ಲಿ 2012ರಲ್ಲಿ ನಡೆದ ಚರ್ಚೆ ಅರ್ಥವಾಗಬೇಕಾದರೆ 2003ನ್ನು ನೆನೆಯಬೇಕು. ಆ ವರ್ಷ ಕಂಪನಿಯನ್ನು ದಿವಾಳಿಯಿಂದ ಉಳಿಸಲೆಂದು ನೌಕರರು ವರ್ಷಕ್ಕೆ 180 ಕೋಟಿ ಡಾಲರ್ ಮೊತ್ತದ ಕಡಿತಗಳಿಗೆ ಒಪ್ಪಿದ್ದರು. ಅದರಲ್ಲಿ ಪೈಲಟ್‌ಗಳ ಪಾಲು 66 ಕೋಟಿ, ಸಂಬಳದಲ್ಲಿ ಶೇ 23ರಷ್ಟು ಇಳಿಕೆ. ಅದೇ ಹೊತ್ತಿಗೆ ಬಯಲಾದ ಸಂಗತಿ ಬೇರೆಯೇ ಇತ್ತು: ಹಿರಿಯ ಅಧಿಕಾರಿಗಳಿಗೆ ಕಂಪನಿಯಲ್ಲಿ ಉಳಿದದ್ದಕ್ಕಾಗಿ ಬೋನಸ್, ದಿವಾಳಿಯಾದರೂ ಕರಗದಂತೆ ಅವರ ಪಿಂಚಣಿಗೆ ಪ್ರತ್ಯೇಕ ನಿಧಿ. ಮುಖ್ಯಸ್ಥ ಡಾನ್ ಕಾರ್ಟಿ ರಾಜೀನಾಮೆ ಕೊಟ್ಟರು, ಆದರೆ ಕಡಿತ ಹಾಗೇ ಉಳಿಯಿತು. ಅಮೆರಿಕದ ರೈಲ್ವೆ ಕಾರ್ಮಿಕ ಕಾಯ್ದೆ 1936ರಿಂದ ವಿಮಾನ ಕಂಪನಿಗಳಿಗೂ ಅನ್ವಯಿಸುತ್ತದೆ; ಅದರಡಿ ಒಪ್ಪಂದದ ಅವಧಿ ಮುಗಿಯುವುದೆಂಬುದಿಲ್ಲ, ತಿದ್ದುಪಡಿಗೆ ಅರ್ಹವಾಗುತ್ತದೆ ಅಷ್ಟೆ; ಹೊಸದು ಬರುವವರೆಗೆ ಹಳೆಯದೇ ನಡೆಯುತ್ತದೆ. ಹೀಗಾಗಿ 2008ರಲ್ಲಿ ತಿದ್ದುಪಡಿಗೆ ಬಂದ ಒಪ್ಪಂದ, ಮಾತುಕತೆ ಮುಗಿಯದೆ, 2011ರಲ್ಲೂ ಅದೇ ಇಳಿದ ಸಂಬಳದಲ್ಲಿ ನಡೆಯುತ್ತಿತ್ತು. ಆ ವರ್ಷದ ನವೆಂಬರ್ 29ರಂದು ಕಂಪನಿ ದಿವಾಳಿ ಅರ್ಜಿ ಹಾಕಿ, ಪೈಲಟ್‌ಗಳಿಂದಲೇ ವರ್ಷಕ್ಕೆ 37 ಕೋಟಿ ಡಾಲರ್ ಉಳಿತಾಯ ಬೇಕೆಂದಿತು.

2012ರ ಬೇಸಿಗೆಯಲ್ಲಿ ಆಡಳಿತ ತನ್ನ "ಕೊನೆಯ ಪ್ರಸ್ತಾವ"ವನ್ನು ಮುಂದಿಟ್ಟಾಗ ಪೈಲಟ್‌ಗಳು ಎರಡು ಪಾಳಯವಾದರು. ಒಪ್ಪೋಣ ಎಂದವರ ವಾದ ಹಗುರವಾದುದಾಗಿರಲಿಲ್ಲ. ನಿರಾಕರಿಸಿದರೆ ನ್ಯಾಯಾಧೀಶರು ಇದಕ್ಕಿಂತ ಕೆಟ್ಟ ಷರತ್ತುಗಳಿಗೆ ದಾರಿ ಮಾಡಿಕೊಡಬಹುದು. ಒಪ್ಪಿದರೆ ಪುನಶ್ಚೇತನಗೊಂಡ ಕಂಪನಿಯಲ್ಲಿ ಪೈಲಟ್‌ಗಳಿಗೆ ಶೇ 13.5ರ ಪಾಲು ಸಿಗುತ್ತದೆ. ಅದಕ್ಕಿಂತಲೂ ಬಲವಾದ ಕಾರಣವೊಂದಿತ್ತು: ಮುಷ್ಕರದ ಬಾಗಿಲು ಮುಚ್ಚಿತ್ತು. ನಾರ್ತ್‌ವೆಸ್ಟ್‌ನ ಗಗನಸಖಿಯರ ಒಪ್ಪಂದ ರದ್ದಾದ ಮೇಲೂ ಅವರು ಮುಷ್ಕರ ಹೂಡುವಂತಿಲ್ಲವೆಂದು 2007ರಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಅಮೆರಿಕನ್ ಪ್ರಕರಣವೂ ನ್ಯೂಯಾರ್ಕ್‌ನಲ್ಲೇ ನಡೆಯುತ್ತಿತ್ತು. ಬೇಡ ಎಂದವರ ಕಣ್ಣಮುಂದೆ 2003 ಇತ್ತು. ಇತರ ಕಂಪನಿಗಳ ವಿಮಾನಗಳಲ್ಲಿ ತಮ್ಮ ಕಂಪನಿಯ ಟಿಕೆಟ್ ಮಾರುವ ಕೋಡ್‌ಶೇರ್ ವ್ಯವಸ್ಥೆಯೂ, ಉಪಕಂಪನಿಗಳು ಓಡಿಸುವ ದೊಡ್ಡ ಪ್ರಾದೇಶಿಕ ಜೆಟ್‌ಗಳೂ ಹೆಚ್ಚಾದರೆ ತಮ್ಮ ಹಾರಾಟವೇ ಬೇರೆಯವರ ಕೈಗೆ ಹೋಗುತ್ತದೆಂಬ ಭಯ ಸಂಬಳದ ಚಿಂತೆಗಿಂತ ದೊಡ್ಡದಾಗಿತ್ತು. ಅಲ್ಲದೆ ಸಂಘ ಅದೇ ಏಪ್ರಿಲ್‌ನಲ್ಲಿ ಯುಎಸ್ ಏರ್‌ವೇಸ್ ಜೊತೆ, ಮುಂದೆ ವಿಲೀನವಾದರೆ ಅನ್ವಯಿಸುವಂಥ ಒಪ್ಪಂದದ ಚೌಕಟ್ಟೊಂದನ್ನು ಮಾಡಿಕೊಂಡಿತ್ತು.

ಆಗಸ್ಟ್ 8ರಂದು ಫಲಿತಾಂಶ ಬಂತು: ಶೇ 61ರಷ್ಟು ಮತಗಳು ವಿರುದ್ಧ. ಒಪ್ಪಿಗೆಯ ಪರ ನಿಂತಿದ್ದ ಸಂಘದ ಅಧ್ಯಕ್ಷ ಡೇವಿಡ್ ಬೇಟ್ಸ್ ಸ್ಥಾನ ಬಿಟ್ಟರು. ಒಂದು ವಾರದ ನಂತರ ನ್ಯಾಯಾಧೀಶ ಶಾನ್ ಲೇನ್ ಒಪ್ಪಂದ ರದ್ದತಿಯ ಕೋರಿಕೆಯನ್ನು ತಿರಸ್ಕರಿಸಿದಾಗ ಬೇಡವೆಂದವರಿಗೆ ತಾವು ಗೆದ್ದೆವು ಎನ್ನಿಸಿರಬೇಕು. ಆದರೆ ಆ ಆದೇಶವನ್ನು ಓದಿದರೆ ಅದು ಕಂಪನಿಯ ಕೋರಿಕೆಯ ಬಹುಭಾಗವನ್ನು ಒಪ್ಪಿ, ಕೋಡ್‌ಶೇರ್ ಮತ್ತು ತಾತ್ಕಾಲಿಕ ಕೆಲಸ ಕಡಿತದ ಮೇಲಿನ ಮಿತಿಗಳನ್ನು ಪೂರ್ತಿ ತೆಗೆಯುವುದು ಅಗತ್ಯಕ್ಕಿಂತ ಹೆಚ್ಚಾಯಿತು ಎಂದಷ್ಟೇ ಹೇಳಿದ ಆದೇಶ. ಕಂಪನಿ ಆ ಎರಡನ್ನೂ ತಿದ್ದಿ ಮತ್ತೆ ಬಂತು. ಸೆಪ್ಟೆಂಬರ್ ಮೊದಲ ವಾರ ರದ್ದತಿಗೆ ಅನುಮತಿ ಸಿಕ್ಕಿತು. ಆ ತಿಂಗಳು ಅಮೆರಿಕನ್ ವಿಮಾನಗಳು ವಿಪರೀತ ತಡವಾದವು, ರದ್ದಾದವು. ಪೈಲಟ್‌ಗಳ ರಜೆಗಳನ್ನೂ ಅವರು ಬರೆಯುತ್ತಿದ್ದ ದುರಸ್ತಿ ದೂರುಗಳನ್ನೂ ಆಡಳಿತ ದೂಷಿಸಿತು, ಸಂಘ ಆರೋಪವನ್ನು ಅಲ್ಲಗಳೆಯಿತು. ಮತ್ತೆ ಮಾತುಕತೆ ನಡೆದು, ಡಿಸೆಂಬರ್‌ನಲ್ಲಿ ಹೊಸ ಒಪ್ಪಂದಕ್ಕೆ ಸುಮಾರು ಶೇ 74ರಷ್ಟು ಪೈಲಟ್‌ಗಳು ಸಮ್ಮತಿಸಿದರು. ಮರುವರ್ಷ ಡಿಸೆಂಬರ್ 9ರಂದು ಯುಎಸ್ ಏರ್‌ವೇಸ್ ಜೊತೆಗಿನ ವಿಲೀನ ಪೂರ್ಣಗೊಂಡಿತು.

ನಿರಾಕರಣೆಯಿಂದ ಪೈಲಟ್‌ಗಳು ಕಡಿತವನ್ನು ತಪ್ಪಿಸಿಕೊಳ್ಳಲಿಲ್ಲ. ಆದರೂ ಆ ಮತ ವ್ಯರ್ಥವಾಯಿತೆಂದು ನಾನು ಒಪ್ಪಲಾರೆ. ಆಡಳಿತ "ಕೊನೆಯದು" ಎಂದದ್ದು ಕೊನೆಯದಾಗಿ ಉಳಿಯಲಿಲ್ಲ. ಮಿತಿಮೀರಿದ ಎರಡು ಷರತ್ತುಗಳನ್ನು ನ್ಯಾಯಾಲಯವೇ ತಡೆಯಿತು. ಕಂಪನಿಯ ಮುಂದಿನ ದಾರಿಯನ್ನು ತೀರ್ಮಾನಿಸುವ ಮೇಜಿನಲ್ಲಿ ಪೈಲಟ್‌ಗಳಿಗೂ ಒಂದು ಕುರ್ಚಿ ಸಿಕ್ಕಿತು.

ನಮ್ಮಲ್ಲಿ ಆ ಕುರ್ಚಿ ಇಲ್ಲ. ಬಜ್ಪೆಯಲ್ಲಿ ಒಂದು ಕಾಲಕ್ಕೆ ದಿನವೂ ಇಳಿಯುತ್ತಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ, ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರ ಪ್ರತಿಭಟನೆಯ ನಡುವೆ, ನಿಂತುಹೋಯಿತು. ಬಂಟ್ವಾಳ ಮೂಲದ ವಿಜಯ್ ಮಲ್ಯ ಅವರ ಆ ಕಂಪನಿಗೆ ಸಾಲ ಕೊಟ್ಟಿದ್ದ ಬ್ಯಾಂಕುಗಳಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಕೂಡ ಒಂದು. ಆಗ ಭಾರತದಲ್ಲಿ ಇಂದಿನ ದಿವಾಳಿ ಸಂಹಿತೆ ಇರಲಿಲ್ಲ. ಅದು ಬಂದದ್ದು 2016ರಲ್ಲಿ. ವಸೂಲಾಗದ ಸಾಲದ ಸಂಕಟದಿಂದ ಹುಟ್ಟಿದ ಆ ಸಂಹಿತೆಯ ನಡುಮನೆಯಲ್ಲಿ ಕೂತಿರುವುದು ಸಾಲ ಕೊಟ್ಟವರ ಸಮಿತಿ. ಕಂಪನಿಯ ಪುನಶ್ಚೇತನ ಯೋಜನೆಗೆ ಆ ಸಮಿತಿಯ ಶೇ 66ರಷ್ಟು ಮತ ಬೇಕು. ನೌಕರರ ಬಾಕಿ ಮತ್ತು ಅಂಥ ಇತರ ಬಾಕಿಗಳು ಸೇರಿ ಒಟ್ಟು ಸಾಲದ ಶೇ 10ನ್ನು ಮುಟ್ಟಿದರೆ ಅವರ ಪ್ರತಿನಿಧಿ ಸಭೆಗೆ ಬರಬಹುದು, ಆದರೆ ಮತ ಹಾಕುವಂತಿಲ್ಲ. ಕಲಂ 1113ರಂಥದ್ದು ಅದರಲ್ಲಿಲ್ಲ.

ಜೆಟ್ ಏರ್‌ವೇಸ್ ಮುಗಿದ ಬಗೆಯನ್ನು ಅಮೆರಿಕನ್ ಪಕ್ಕ ಇಟ್ಟು ನೋಡಿ. 2018ರ ಆಗಸ್ಟ್‌ನಲ್ಲಿ ಆಡಳಿತ ಸಂಬಳ ಕಡಿತ ಕೇಳಿದಾಗ ಪೈಲಟ್‌ಗಳು ಒಪ್ಪಲಿಲ್ಲ. ಮುಂದೆ ಸಂಬಳವೇ ನಿಂತಿತು. ಜೆಟ್ ಪೈಲಟ್‌ಗಳ ಸಂಘವಾದ ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ 2019ರ ಏಪ್ರಿಲ್ 1ರಿಂದ ಹಾರುವುದಿಲ್ಲವೆಂದು ತೀರ್ಮಾನಿಸಿ, ಅದನ್ನು 15ಕ್ಕೆ ಮುಂದೂಡಿ, ಬ್ಯಾಂಕುಗಳು ತುರ್ತು ಸಾಲ ಕೊಟ್ಟಾವೆಂಬ ಆಸೆಯಲ್ಲಿ ಮತ್ತೂ ಮುಂದೂಡಿತು. ಸಾಲ ಬರಲಿಲ್ಲ. 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಬಂದದ್ದೇ ಕೊನೆಯ ವಿಮಾನ. ಸಾಲ ಕೊಟ್ಟವರ ಪಟ್ಟಿಯಲ್ಲಿ ಇಲ್ಲಿಯೂ ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಇದ್ದವು. ಜೂನ್ 20ರಂದು ಪ್ರಕರಣ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಸೇರಿತು. ನೌಕರರ ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯನ್ನು ಪೂರ್ತಿ ಕೊಡಲೇಬೇಕೆಂದು 2022ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಮಂಡಳಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಇದು ನೌಕರರ ಸಂಘಟನೆಗಳು ಹೋರಾಡಿ ಗೆದ್ದದ್ದು. ಆದರೆ ಹೊಸ ಮಾಲೀಕರ ಯೋಜನೆ ಜಾರಿಯಾಗದೆ 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕಂಪನಿಯ ಆಸ್ತಿ ಮಾರಿ ಮುಚ್ಚಲು ಆದೇಶಿಸಿತು. 2023ರ ಮೇ ತಿಂಗಳಲ್ಲಿ ತಾನಾಗಿಯೇ ದಿವಾಳಿ ಅರ್ಜಿ ಹಾಕಿದ ಗೋ ಫಸ್ಟ್‌ಗೂ 2025ರ ಜನವರಿಯಲ್ಲಿ ಅದೇ ಆದೇಶ ಬಂತು.

ಮುಚ್ಚುವಾಗ ಹಣ ಹಂಚುವ ಸರದಿಯನ್ನು ಸಂಹಿತೆಯ ಕಲಂ 53 ಹೇಳುತ್ತದೆ. ಪ್ರಕ್ರಿಯೆಯ ವೆಚ್ಚ ಮೊದಲು; ನಂತರ ಅಡಮಾನವಿದ್ದ ಸಾಲ ಮತ್ತು "ಕಾರ್ಮಿಕ"ರ 24 ತಿಂಗಳ ಬಾಕಿ ಒಂದೇ ಸಾಲಿನಲ್ಲಿ; ಆಮೇಲೆ ಉಳಿದ ನೌಕರರ 12 ತಿಂಗಳ ಬಾಕಿ. ಪೈಲಟ್ ಕಾರ್ಮಿಕನೋ ಬರೀ ನೌಕರನೋ ಎಂಬುದರ ಮೇಲೆ ಅವನ ಸರದಿ ಒಂದು ಮೆಟ್ಟಿಲು ಮೇಲೆ ಅಥವಾ ಕೆಳಗೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ವ್ಯಾಖ್ಯೆ ತಾಂತ್ರಿಕ ಹಾಗೂ ಕೌಶಲದ ಕೆಲಸದವರನ್ನು ಒಳಗೊಂಡು, ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರನ್ನು ಹೊರಗಿಟ್ಟಿತ್ತು. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಮಾಡುವುದು ಕೌಶಲದ ಕೆಲಸವೋ ಮೇಲ್ವಿಚಾರಣೆಯೋ ಎಂದು ಅದರ ಮೇಲೆ ವಾದ ನಡೆಯುತ್ತದೆ. ಇನ್ನೊಂದು ಕಡೆ, ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮುಂಚಿತವಾಗಿ ತಿಳಿಸಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ 2017ರಲ್ಲಿ ನಿಯಮ ಮಾಡಿತು. ಪೈಲಟ್ ಬಿಟ್ಟುಹೋಗಲು ಇಷ್ಟು ಕಾಲ ಬೇಕೆನ್ನುವ ವ್ಯವಸ್ಥೆ, ಅವನ ಕರಾರು ಮುರಿಯುವಾಗ ಅವನೊಡನೆ ಒಂದು ವಾರವಾದರೂ ಕೂತು ಮಾತಾಡಬೇಕೆಂದು ಹೇಳದಿರುವುದು ನನಗೆ ನ್ಯಾಯವೆನಿಸುವುದಿಲ್ಲ. ಬ್ಯಾಂಕಿನ ಹಣ ಠೇವಣಿ ಇಟ್ಟವರ ಹಣ ಎಂಬುದು ನಿಜ. ಅದನ್ನು ಒಪ್ಪಿಕೊಂಡೇ ಈ ಮಾತು.

ಬಿಜೈಯ ಆ ಮನೆಯಲ್ಲಿ ಬಾಕಿ ಸಂಬಳದ ಬೇಡಿಕೆಯ ಅರ್ಜಿಯನ್ನು, ಸಂಹಿತೆಯ ನಿಯಮಗಳಲ್ಲಿ 'ಡಿ' ನಮೂನೆ ಎನ್ನುವುದನ್ನು, ಕೊನೆಗೆ ತುಂಬಿದ್ದು ತಂದೆಯೇ. ಮೂವತ್ತನಾಲ್ಕು ವರ್ಷ ಬೇರೆಯವರ ಸಾಲದ ಅರ್ಜಿಗಳನ್ನು ಪರಿಶೀಲಿಸಿದ ಅವರು ಮಗನ ಸಂಬಳದ ಚೀಟಿಗಳನ್ನು ತಿಂಗಳವಾರು ಜೋಡಿಸಿ, ಮೊತ್ತವನ್ನು ಎರಡು ಸಲ ಕೂಡಿ ನೋಡಿ, ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಸಹಿ ಮಾಡಲು ಮಗನ ಕಡೆ ತಿರುಗಿಸಿದರು.