ಡ್ರೈವರ್ ಬದಲಿಸಿದರೆ ಲಾರಿ ಎಳೆಯುತ್ತದೆಯೇ?

"ಸಾರ್, ಡ್ರೈವರ್ ಹೋಗೈತೆ, ಬಂದು ಹಾಕ್ಕೊಡ್ರಿ."

ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡಿಕೊಂಡಿರುವ ನನಗೆ ಬೆಳಿಗ್ಗೆ ಅಂಗಡಿಗಳ ಬಾಗಿಲು ತೆಗೆಯುವ ಹೊತ್ತಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ. ಡ್ರೈವರ್ ಅಂದರೆ ಕಂಪ್ಯೂಟರಿನ ಒಂದು ಭಾಗವನ್ನು ವಿಂಡೋಸ್ ಬಳಸುವ ಹಾಗೆ ಮಾಡುವ ಸಾಫ್ಟ್‌ವೇರ್. ನೆಟ್ ಬರಲಿಲ್ಲವೋ, ಡ್ರೈವರ್ ಹೋಯಿತು. ಅದು ಎಲ್ಲಿಗೆ ಹೋಗುತ್ತದೋ ನಾನು ಕಾಣೆ. ರಾತ್ರಿ ಹಾರ್ಡ್‌ಡಿಸ್ಕಿನಲ್ಲಿದ್ದ ಫೈಲು ಬೆಳಿಗ್ಗೆಯೂ ಅಲ್ಲೇ ಇರುತ್ತದೆ.

ಒಂದು ಅಡಿಕೆ ಮಂಡಿಯ ಕಥೆ ಹೇಳುತ್ತೇನೆ. ಒಂದೇ ಬಿಲ್ಲಿನಲ್ಲಿ ಕೊಂಡ ಐದು ಕಂಪ್ಯೂಟರ್, ಐದರ ಮೇಲೂ ಒಂದೇ ಮಾಡೆಲ್ ಹೆಸರು. ನಾಲ್ಕಕ್ಕೆ ತೊಂದರೆ ಇರಲಿಲ್ಲ. ಗುಮಾಸ್ತರು ಕೂರುವ ಐದನೆಯದು ಮಾತ್ರ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ನೆಟ್‌ವರ್ಕ್ ಕಾರ್ಡೇ ಇಲ್ಲ ಅನ್ನುತ್ತಿತ್ತು. ಸಾವ್ಕಾರ್ರ ಅಳಿಯ ಚುರುಕು ಹುಡುಗ. ಪೆನ್‌ಡ್ರೈವಿನಲ್ಲಿ ಡ್ರೈವರ್ ಇಟ್ಟುಕೊಂಡು ಪ್ರತಿ ಸಲ ಹಾಕುವನು, ರೀಸ್ಟಾರ್ಟ್ ಮಾಡುವನು, ನೆಟ್ ಬರುವುದು. "ನೋಡ್ರಿ ಸಾರ್, ಹಾಕಿದ ಕೂಡ್ಲೇ ಸರಿ ಆಗುತ್ತೆ, ಮತ್ತೆ ಹೋಗುತ್ತೆ."

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನಕ್ಕೆ ಹೇಳುತ್ತೇನೆ. ಡ್ರೈವರ್ ಹಾಕಿದ ಮೇಲೆ ಸರಿಹೋಯಿತು ಅಂದಮಾತ್ರಕ್ಕೆ ಡ್ರೈವರ್ ಕೆಟ್ಟಿತ್ತು ಅಂತಲ್ಲ. ಹುಡುಗ ಎರಡು ಕೆಲಸ ಮಾಡುತ್ತಿದ್ದ: ಡ್ರೈವರ್ ಹಾಕುವುದು, ರೀಸ್ಟಾರ್ಟ್ ಮಾಡುವುದು. ಗುಣ ಮಾಡಿದ್ದು ಎರಡನೆಯದು, ಹೆಸರು ಬಂದದ್ದು ಮೊದಲನೆಯದಕ್ಕೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಕಟ್ಟಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವನ್ನೂ ಮೊದಲಿನಿಂದ ಎಬ್ಬಿಸುತ್ತದೆ. "ಆಫ್ ಮಾಡಿ ಆನ್ ಮಾಡ್ದೆ ಸಾರ್" ಅನ್ನುವವರಿಗೆ "ರೀಸ್ಟಾರ್ಟ್ ಒತ್ತಿದ್ರಾ?" ಅಂತ ನಾನು ಮತ್ತೆ ಕೇಳುವುದು ತಲೆಹರಟೆಗಲ್ಲ.

ಇನ್ನೊಂದು ಮಾತು. ವಿಂಡೋಸಾಗಲಿ ಲಿನಕ್ಸಾಗಲಿ ಕಣ್ಣು ಬಿಡುವ ಮೊದಲೇ ಮದರ್‌ಬೋರ್ಡಿನ ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್) ಮತ್ತು ನೆಟ್‌ವರ್ಕ್ ಚಿಪ್ಪಿನೊಳಗೇ ಕೂತಿರುವ ಫರ್ಮ್‌ವೇರ್ ಎಂಬ ಸಾಫ್ಟ್‌ವೇರ್ ಹಲವು ವಿಷಯ ತೀರ್ಮಾನಿಸಿ ಆಗಿರುತ್ತದೆ: ಚಿಪ್ ಎಚ್ಚರವಿರಬೇಕೋ ಮಲಗಬೇಕೋ, ಮಲಗಿದಾಗ ಅದಕ್ಕೆ ಕರೆಂಟ್ ಕೊಡಬೇಕೋ ಬೇಡವೋ. ಡ್ರೈವರ್ ಬರುವುದು ಆಮೇಲೆ. ಆ ತೀರ್ಮಾನಗಳನ್ನು ತಯಾರಕರು ಎಲ್ಲ ಬೋರ್ಡಿಗೂ ಒಂದೇ ರೀತಿ ಮಾಡಿ ಕಳಿಸುತ್ತಾರೆ ಎಂದು ನಂಬಬೇಡಿ. ಇಪ್ಪತ್ತು ವರ್ಷ ನಂಬಿ ಕೈಸುಟ್ಟುಕೊಂಡವನು ನಾನು.

ಮಂಡಿಯಲ್ಲಿ ಆದದ್ದೂ ಅದೇ. ಐದನೆಯ ಬೋರ್ಡಿನ ಬಯಾಸ್ ಆವೃತ್ತಿ ಬೇರೆ ಇತ್ತು. ಅದರಲ್ಲಿ ಕಂಪ್ಯೂಟರ್ ಆಫ್ ಮಾಡಿದಾಗ ನೆಟ್‌ವರ್ಕ್ ಚಿಪ್ಪನ್ನು ಗಾಢ ನಿದ್ದೆಗೆ ತಳ್ಳುವ ಆಯ್ಕೆ ಆನ್ ಆಗಿಯೇ ಬಂದಿತ್ತು. ಉಳಿದ ನಾಲ್ಕರಲ್ಲಿ ಆಫ್. ನಾನೇ ಒಮ್ಮೆ ಹೋಗಿ ಆಫ್ ಮಾಡಿ ಬಂದೆ. ಹದಿನೈದು ದಿನಕ್ಕೆ ಮತ್ತೆ ಫೋನ್. ಹೋಗಿ ನೋಡಿದರೆ ಆಯ್ಕೆ ಮತ್ತೆ ಆನ್! ಯಾರು ಮುಟ್ಟಿದರು? ಯಾರೂ ಇಲ್ಲ. ಅಷ್ಟರಲ್ಲಿ ಗುಮಾಸ್ತರು ಮೆಲ್ಲಗೆ ಅಂದರು: "ಸಾರ್, ಚೀಟಿ ಮೇಲೆ ಜನವರಿ ಒಂದು ಅಂತ ಬರ್ತೈತೆ, ನಾನೇ ಪೆನ್ನಲ್ಲಿ ತಿದ್ದಿ ಕೊಡ್ತೀನಿ." ಎರಡು ತಿಂಗಳಿಂದ ತಿದ್ದುತ್ತಿದ್ದರಂತೆ, ಪಾಪ. ಒಬ್ಬರಿಗೂ ಹೇಳಿಲ್ಲ.

ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಸಿಆರ್2032, ಮೂರು ವೋಲ್ಟಿನದು, ಸತ್ತಿತ್ತು. ಮಂಡಿಯಲ್ಲಿ ರಾತ್ರಿ ಮೇನ್ ಸ್ವಿಚ್ಚನ್ನೇ ಇಳಿಸಿ ಹೋಗುವ ಪದ್ಧತಿ. ಈ ಬೋರ್ಡಿನಲ್ಲಿ ಗೋಡೆಯಿಂದ ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಬಯಾಸ್ ಸೆಟ್ಟಿಂಗನ್ನೂ ಹಿಡಿದಿಡುವುದು ಆ ಸೆಲ್ ಒಂದೇ. ಅದು ಸತ್ತರೆ ಬೆಳಿಗ್ಗೆ ಎಲ್ಲವೂ ತಯಾರಕರು ಇಟ್ಟ ಹಾಗೆ. ಸೆಲ್ ಬದಲಿಸಿ, ಆಯ್ಕೆ ಆಫ್ ಮಾಡಿ, ತಾರೀಖು ಸರಿಮಾಡಿದೆ. ಹೊರಗೆ ಸಾವ್ಕಾರ್ರ ಎರಡು ಲಾರಿ ನಿಂತಿದ್ದವು. ಎಲ್ಲ ಕೇಳಿಸಿಕೊಂಡು ಅವರು ಅಳಿಯನ ಕಡೆ ತಿರುಗಿದರು: "ಡ್ರೈವರ್ ಬದಲಾಯ್ಸಿದ್ರೆ ಲಾರಿ ಎಳೆಯುತ್ತೇನೋ? ಬ್ಯಾಟ್ರಿ ನೋಡ್ಬೇಕಪ್ಪ." ಆಮೇಲೆ ನನ್ನ ಬಿಲ್ಲು ನೋಡಿ, "ಸೆಲ್ಲಿನ ದುಡ್ಡು ಸರಿ, ಉಳಿದದ್ದು ಯಾತಕ್ಕೆ?" ಅಂದರು. ಮಂಡಕ್ಕಿ ಮೆಣಸಿನಕಾಯಿ ತರಿಸಿದ ಮೇಲೆ ನಾನೂ ಸ್ವಲ್ಪ ಇಳಿಸಿದೆ.

ಅದೇ ಸಾವ್ಕಾರ್ರು ಚೀಲದ ಮೇಲೆ ಅಡಿಕೆಯ ದರ್ಜೆ ರಾಶಿ ಅಂತ ಬರೆದಿದ್ದರೂ ಕೈ ಹಾಕಿ ಒಂದು ಹಿಡಿ ತೆಗೆದು, ಒಡೆದು ನೋಡದೆ ರೇಟು ಹೇಳುವವರಲ್ಲ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಡಬ್ಬದ ಮೇಲಿನ ಹೆಸರೇ ಸಾಕು ಅನ್ನುತ್ತಾರೆ. ಸಾಲದು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ವೈಫೈ ಡಾಂಗಲ್ ಗೊತ್ತಿರಬಹುದು. ಮೊದಲ ಆವೃತ್ತಿಯಲ್ಲಿದ್ದದ್ದು ಅಥೆರೋಸ್ ಚಿಪ್, ಎರಡನೆಯದರಲ್ಲಿ ರಿಯಲ್‌ಟೆಕ್. ಹೆಸರು ಅದೇ, ಡ್ರೈವರ್ ಪೂರ್ತಿ ಬೇರೆ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ, ಅಂದರೆ ಒಳಗಿನ ಚಿಪ್ಪಿನ ಗುರುತಿನ ನಂಬರ್, ನೋಡಿ. ಬೋರ್ಡಿನ ಮೇಲಿನ ಕಾರ್ಡಿಗೆ ವೆಂಡರ್ ನಂಬರ್ 10ಇಸಿ ಅಂತಿದ್ದರೆ ರಿಯಲ್‌ಟೆಕ್, 8086 ಅಂತಿದ್ದರೆ ಇಂಟೆಲ್. ಅಲ್ಲಿಗೂ ನಿಲ್ಲಬೇಡಿ: ರಿಯಲ್‌ಟೆಕ್‌ನ 8168 ಎಂಬ ಒಂದೇ ನಂಬರಿನಡಿ ಎಷ್ಟೋ ಪೀಳಿಗೆಯ ಚಿಪ್‌ಗಳಿವೆ. ಕೊನೆಯಲ್ಲಿರುವ ರಿವಿಷನ್ ಅಂಕಿಯನ್ನೂ ಬರೆದುಕೊಳ್ಳಿ.

ನಾನೀಗ ಯಾವ ಕಂಪ್ಯೂಟರ್ ಕೂರಿಸಿದರೂ ಎಲ್ಲ ಸರಿಯಿದ್ದ ದಿನವೇ ಬಯಾಸಿನ ಪ್ರತಿ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತೇನೆ. ಡ್ರೈವರಿನ ಅಡ್ವಾನ್ಸ್‌ಡ್ ಪುಟದಲ್ಲಿ ವಿದ್ಯುತ್ ಉಳಿಸುವ ಆಯ್ಕೆಗಳನ್ನು ಡೀಫಾಲ್ಟಿಗೆ ಬಿಡದೆ ನಾನೇ ಆನ್ ಅಥವಾ ಆಫ್ ಅಂತ ಇಡುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದು ದಿನ ಕಾಯುವುದು. ಕಾಯಲು ಯಾರೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಒಂದನ್ನು ಮಾತ್ರ ಕೈಯಾರೆ ಇಡಬೇಡಿ: ವೇಗ. ಈ ತುದಿಯಲ್ಲಿ 100 ಫುಲ್ ಡುಪ್ಲೆಕ್ಸ್ (ಒಟ್ಟಿಗೇ ಕಳಿಸುವುದೂ ಪಡೆಯುವುದೂ) ಅಂತ ಕಟ್ಟಿ, ಆ ತುದಿಯಲ್ಲಿ ಕೇಬಲ್‌ಗಳು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನು ಆಟೋಗೆ ಬಿಟ್ಟರೆ ಸ್ವಿಚ್ಚು ಹಾಫ್ ಡುಪ್ಲೆಕ್ಸಿಗೆ (ಒಂದು ಸಲಕ್ಕೆ ಒಂದೇ ದಿಕ್ಕು) ಇಳಿಯುತ್ತದೆ, ನೆಟ್ ಕುಂಟುತ್ತದೆ. ಗಿಗಾಬಿಟ್ ಬರಬೇಕಾದಲ್ಲಿ 100 ಬರುತ್ತಿದ್ದರೆ ಮೊದಲು ಕೇಬಲ್ ನೋಡಿ. ಗಿಗಾಬಿಟ್ಟಿಗೆ ಎಂಟೂ ತಂತಿ ಬೇಕು, ನೂರಕ್ಕೆ ನಾಲ್ಕು ಸಾಕು. ಮಂಡಿಯ ಇಲಿಗೆ ಇದು ಗೊತ್ತಿಲ್ಲ.

"ಹಾಗಾದ್ರೆ ಬಯಾಸ್ ಅಪ್‌ಡೇಟ್ ಮಾಡಿಬಿಡ್ರಿ" ಅನ್ನುವವರೂ ಇದ್ದಾರೆ. ಕೆಲವೊಮ್ಮೆ ಅದೇ ಮದ್ದು, ಇಲ್ಲ ಅನ್ನುವುದಿಲ್ಲ. ಆದರೆ ಫರ್ಮ್‌ವೇರ್ ಹುಡುಗಾಟದ ಜಾಗವಲ್ಲ. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾರ್ಥ ಆವೃತ್ತಿಗಳಲ್ಲಿ ಕೆಲವು ಇಂಟೆಲ್ ನೆಟ್‌ವರ್ಕ್ ಕಾರ್ಡುಗಳೊಳಗಿನ ಮೆಮೊರಿಯೇ ಕೆಟ್ಟು ಕಾರ್ಡ್ ಸತ್ತಂತಾದವು. ಎಲ್ಲರೂ ಆ ಕಾರ್ಡುಗಳ ಇ1000ಇ ಡ್ರೈವರನ್ನು ಬೈದರು. ಕೊನೆಗೆ ಸಿಕ್ಕಿಬಿದ್ದದ್ದು ಲಿನಕ್ಸಿನೊಳಗಿನ ಎಫ್‌ಟ್ರೇಸ್ ಎಂಬ ಬೇರೆಯೇ ಭಾಗ. ಅಪ್‌ಡೇಟ್ ಬೇಕೇ ಬೇಕಾದರೆ ಯುಪಿಎಸ್ ಇಟ್ಟುಕೊಂಡು ಬೆಳಿಗ್ಗೆ ಕರೆಯಿರಿ. ಮಳೆ ಮೋಡ ಕವಿದ ಸಂಜೆ, ಕರೆಂಟ್ ಮಿಣುಕುವ ಹೊತ್ತಿನಲ್ಲಿ ಕರೆದರೆ ನಾನು ಬರುವುದಿಲ್ಲ.