ನೋವು ಹೋದ ಮೇಲೆ ಶುರುವಾಗುವ ಚಿಕಿತ್ಸೆ

ಶಿರಸಿ-ಸಿದ್ದಾಪುರದ ಕಡೆ ಅರವತ್ತೈದು ದಾಟಿದವರು ಹೆಗಲು ನೋವು ಅಂದರೆ ಯಾರೂ ಕಾರಣ ಹುಡುಕುವ ಗೊಡವೆಗೆ ಹೋಗುವುದಿಲ್ಲ. ವಯಸ್ಸಾಯಿತು, ಇಲ್ಲವೇ ವಾತ, ಇಲ್ಲವೇ ಎಂದೋ ಬಂದುಹೋದ ಚಿಕೂನ್‌ಗುನ್ಯಾದ ಉಳಿಕೆ. ಬಹಳ ಸಲ ಅದು ಸರಿಯೂ ಇರುತ್ತದೆ. ಆದರೆ ಎರಡೂ ಹೆಗಲು, ಕತ್ತು, ಸೊಂಟದ ಆಸುಪಾಸು ಒಟ್ಟಿಗೇ ಹಿಡಿದುಕೊಂಡು, ಬೆಳಿಗ್ಗೆ ಮಗ್ಗುಲಾಗಲೂ ಆಗದೆ, ಎದ್ದು ಮುಕ್ಕಾಲು ಗಂಟೆಯಾದರೂ ಮೈ ಸಡಿಲವಾಗದಿದ್ದರೆ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಕಾಯಿಲೆಯನ್ನೂ ನೆನೆಯಬೇಕು. ಐವತ್ತರ ನಂತರವೇ ಬರುವ ಇದು ಹೆಂಗಸರಲ್ಲಿ ಹೆಚ್ಚು. ಉತ್ತರ ಯುರೋಪಿನಲ್ಲಿ ಮಾಮೂಲು, ನಮ್ಮಲ್ಲಿ ವಿರಳ. ಹಾಗಾಗಿ ನೆನಪಾಗುವುದೂ ತಡ.

ನೋಯುವುದು ಸ್ನಾಯು, ಆದರೆ ಸ್ನಾಯುವಿಗೆ ಏನೂ ಆಗಿರುವುದಿಲ್ಲ. ಉರಿಯೂತ ಇರುವುದು ಕೀಲಿನ ಒಳಪೊರೆಯಲ್ಲಿ, ಸುತ್ತಲ ದ್ರವದ ಚೀಲಗಳಲ್ಲಿ. ಖಚಿತವಾಗಿ ಹೇಳುವ ಒಂದೇ ಪರೀಕ್ಷೆ ಇಲ್ಲ. ಉರಿಯೂತದ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಯ ಅಂಕಿಗಳು ಏರಿರುತ್ತವೆ. ಕ್ಷಯ, ಕ್ಯಾನ್ಸರ್‌ಗಳಲ್ಲೂ ಏರುತ್ತವೆ. ಅವು ಅಲ್ಲವೆಂದು ಮೊದಲು ನೋಡಿಕೊಳ್ಳಬೇಕು.

ದಿನಕ್ಕೆ 12.5ರಿಂದ 25 ಮಿ.ಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಕೈ ಎತ್ತಲಾಗದವರು ಕೆಲವೇ ದಿನಗಳಲ್ಲಿ ತಾವೇ ತಲೆ ಬಾಚಿಕೊಳ್ಳುತ್ತಾರೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಯೊಬ್ಬಳಿಗೆ ಇದೇ ಜಾತಿಯ ಕಾರ್ಟಿಸೋನ್ ಕೊಟ್ಟಾಗಲೂ ಹೀಗೇ ಆಗಿತ್ತು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಅಡ್ಡಪರಿಣಾಮಗಳ ಪಟ್ಟಿ ಬೆಳೆಯಲೂ ತಡವಾಗಲಿಲ್ಲ.

ತೊಂದರೆ ಇರುವುದೇ ಈ ಸೊಗಸಿನಲ್ಲಿ. ನೋವು ಹೋಯಿತು, ಮಾತ್ರೆ ಉಷ್ಣ ಎಂದು ಒಬ್ಬರು ತಟ್ಟನೆ ಬಿಡುತ್ತಾರೆ. ಇನ್ನೊಬ್ಬರು ಹಳೇ ಚೀಟಿ ತೋರಿಸಿ ಅಂಗಡಿಯಿಂದ ಅದೇ ಪ್ರಮಾಣವನ್ನು ವರ್ಷಗಟ್ಟಲೆ ತರುತ್ತಾರೆ. ಎರಡೂ ಅಪಾಯ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಹೆಚ್ಚುಕಡಿಮೆ 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮನಾದ ಕಾರ್ಟಿಸಾಲ್ ಎಂಬ ಮೈಯದೇ ಸ್ಟೀರಾಯ್ಡ್ ತಯಾರಿಸುತ್ತವೆ. ಊಟ ಹೊರಗಿನಿಂದ ಬರತೊಡಗಿದರೆ ಮನೆಯಲ್ಲಿ ಒಲೆ ಹಚ್ಚುವವರಾರು? ಗ್ರಂಥಿ ಸುಮ್ಮನಾಗುತ್ತದೆ. ಒಮ್ಮೆಲೇ ಮಾತ್ರೆ ನಿಂತರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ಅದಕ್ಕೇ 10 ಮಿ.ಗ್ರಾಂ ತಲುಪಿದ ಮೇಲೆ ತಿಂಗಳಿಗೆ ಸುಮಾರು 1 ಮಿ.ಗ್ರಾಂನಂತೆ ಇಳಿಸುವುದು. ಒಂದೆರಡು ವರ್ಷ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ನಡುವೆ ನೋವು ಮರಳಿದರೆ ಒಂದು ಮೆಟ್ಟಿಲು ಹಿಂದೆ ಹೋಗಬೇಕಾಗಬಹುದು. ನನ್ನ ಪ್ರಕಾರ ನಿಜವಾದ ಚಿಕಿತ್ಸೆ ಈ ಇಳಿಸುವುದೇ. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಯ ಮೊದಲು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದಾಗ ಸ್ಟೀರಾಯ್ಡ್ ತಗೊಳ್ಳುತ್ತಿದ್ದೇನೆ ಎಂದು ವೈದ್ಯರಿಗೆ ಹೇಳಲೇಬೇಕು.

ಬೆಳಗಿನ ಮಾತ್ರೆ ಸಕ್ಕರೆ ಏರಿಸುವುದು ಮಧ್ಯಾಹ್ನದ ನಂತರ. ಖಾಲಿಹೊಟ್ಟೆಯ ಪರೀಕ್ಷೆ ಚೆನ್ನಾಗಿ ಬಂತೆಂದು ನಿಶ್ಚಿಂತರಾಗುವ ಹಾಗಿಲ್ಲ, ಊಟದ ನಂತರದ್ದನ್ನೂ ನೋಡಬೇಕು. ಮೂಳೆ ಸವೆಯುತ್ತದೆ. ಕಾರವಾರದ ಕಡೆ ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಘಟ್ಟದ ಮೇಲೆ ಮಜ್ಜಿಗೆ, ಎಳ್ಳು ಕ್ಯಾಲ್ಸಿಯಂಗೆ ಒಳ್ಳೆಯವು. ಆದರೂ ವಿಟಮಿನ್ ಡಿ, ಮೂಳೆಯ ಔಷಧ ಬೇಕೇ ಎಂದು ಕೇಳುವುದು ಒಳಿತು. ಮಿಡಿ ಉಪ್ಪಿನಕಾಯಿಗೆ ಮಾತ್ರ ಕೈ ಬಿಗಿ ಮಾಡಬೇಕು, ಬಿ.ಪಿ.ಯ ದೃಷ್ಟಿಯಿಂದ. ನಾನು ಇದನ್ನು ಬರೆಯಬೇಕಾಗಿ ಬಂದದ್ದಕ್ಕೆ ಬೇಸರವಿದೆ. ಬರಿಗಾಲಲ್ಲಿ ಒದ್ದೆ ತೋಟ ತಿರುಗುವವರು ಇನ್ನೊಂದು ತಿಳಿದಿರಲಿ: ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಪಾದದ ಚರ್ಮದಿಂದ ಒಳಹೊಕ್ಕು ಸದ್ದಿಲ್ಲದೆ ದಶಕಗಟ್ಟಲೆ ಇರಬಲ್ಲದು, ಸ್ಟೀರಾಯ್ಡ್ ರೋಗನಿರೋಧವನ್ನು ತಗ್ಗಿಸಿದಾಗ ಮೈಯೆಲ್ಲ ಹರಡಬಹುದು.

ಪಾಲಿಮಯಾಲ್ಜಿಯಾ ಇರುವವರಲ್ಲಿ ಕೆಲವರಿಗೆ ತಲೆಯ ರಕ್ತನಾಳಗಳೂ ಊದಿಕೊಳ್ಳುತ್ತವೆ: ಜೈಂಟ್ ಸೆಲ್ ಆರ್ಟರೈಟಿಸ್. ಅದರ ಲಕ್ಷಣಗಳು: ತಲೆಯಲ್ಲಿ ಹೊಸ ನೋವು, ಅಗಿಯುವಾಗ ದವಡೆ ನೋವು, ಬಾಚಣಿಗೆ ತಾಕಿದರೂ ನೆತ್ತಿ ಉರಿ, ಗಳಿಗೆ ಹೊತ್ತು ಕಣ್ಣು ಮಂಜು. ಹುಬ್ಬಳ್ಳಿಗೋ ಗೋವಾಕ್ಕೋ ನಾಳಿದ್ದು ಹೋದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯದು. ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಹತ್ತಿರದ ವೈದ್ಯರಲ್ಲಿ ಅದೇ ದಿನ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಶುರುಮಾಡಿಸಿಕೊಂಡು ಬಸ್ಸು ಹತ್ತಬೇಕು. ರಕ್ತನಾಳದ ಚೂರು ತೆಗೆದು ನೋಡುವ ಬಯಾಪ್ಸಿ ಒಂದು ವಾರ ತಡವಾದರೂ ಸಾಮಾನ್ಯವಾಗಿ ಉತ್ತರ ಕೊಡುತ್ತದೆ.